ಹೂವು ಆರಿಸಿದ ಡೊಮೈನ್ ಹೆಸರು

2006ನೇ ಇಸವಿ. ಚಾಮರಾಜನಗರದ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಒಂದು ಮಹಡಿಯ ಮೇಲೆ ನನ್ನ ಕಚೇರಿ. ಕಚೇರಿ ಅನ್ನುವುದು ನನ್ನ ದೊಡ್ಡಸ್ತಿಕೆ. ಎರಡು ಕಂಪ್ಯೂಟರು, ಒಂದು ಯುಪಿಎಸ್ಸು, ನಾಲ್ಕು ಹನಿ ಬಿದ್ದರೆ ಸತ್ತುಹೋಗುವ ಒಂದು ಟೆಲಿಫೋನ್ ಲೈನು, ಅಷ್ಟೇ. ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸವಾಗಿತ್ತು. ಹೆಂಗಸೊಬ್ಬಳು ಕಂಪ್ಯೂಟರಿನೊಳಗೆ ಅಂಗಡಿ ಕಟ್ಟಿಕೊಡುತ್ತಾಳಂತೆ ಎಂದು ನೋಡಲು ಬರುವವರೇ ಹೆಚ್ಚು, ಕಟ್ಟಿಸಿಕೊಳ್ಳುವವರು ಕಡಿಮೆ.

ಡೊಮೈನ್ ಎಂದರೆ ಇಂಟರ್‌ನೆಟ್ಟಿನಲ್ಲಿ ಒಂದು ಅಂಗಡಿಯ ವಿಳಾಸ. ಇಡೀ ಜಗತ್ತಿಗೆ ಒಂದು ಹೆಸರು ಒಬ್ಬರಿಗೆ ಮಾತ್ರ. ಈ ಮಾತನ್ನು ನಮ್ಮ ಕಡೆಯವರಿಗೆ ಅರ್ಥ ಮಾಡಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಸವೆದಿದೆ. ನಮ್ಮಲ್ಲಿ ಒಂದೇ ಬೀದಿಯಲ್ಲಿ ಒಂದೇ ದೇವರ ಹೆಸರಿನ ಹೋಟೆಲು, ಟೈಲರ್ ಅಂಗಡಿ, ಸೈಕಲ್ ಶಾಪು ಮೂರೂ ಇರುತ್ತವೆ. ಯಾರಿಗೂ ಗೊಂದಲವಾಗುವುದಿಲ್ಲ. ಬೋರ್ಡಿನ ಕೆಳಗೆ ಇಡ್ಲಿ ಬೇಯುತ್ತಿದ್ದರೆ ಅದು ಹೋಟೆಲು. ಇಂಟರ್‌ನೆಟ್ಟಿನಲ್ಲಿ ಬೋರ್ಡು ಮಾತ್ರ ಕಾಣುತ್ತದೆ, ಇಡ್ಲಿಯ ವಾಸನೆ ಬರುವುದಿಲ್ಲ.

ಆ ವರ್ಷ ಗುಂಡ್ಲುಪೇಟೆಯಿಂದ ರಂಗಸ್ವಾಮಿ ಎಂಬವರು ಬಂದರು. ಒಂದು ಜೀಪು, ಎರಡು ವ್ಯಾನು ಇಟ್ಟುಕೊಂಡು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ, ಬಂಡೀಪುರಕ್ಕೆ ಬಾಡಿಗೆ ಓಡಿಸುತ್ತಿದ್ದರು. ವ್ಯವಹಾರದ ಹೆಸರು ಬೆಟ್ಟದ ದೇವರದ್ದೇ, ಮುಂದೆ ‘ಟ್ರಾವೆಲ್ಸ್’ ಅಂತ. ಊಟಿಗೆ ಹೋಗುವ ದಾರಿಯಲ್ಲಿ ಇಳಿಯುವ ಹೊರಗಿನ ಗಿರಾಕಿಗಳನ್ನು ಹಿಡಿಯಬೇಕು ಎಂಬುದು ಅವರ ಆಸೆ. ನಾನು ಎರಡು ಡೊಮೈನ್ ಹೆಸರು ಬರೆದುಕೊಟ್ಟೆ. ಉದ್ದದ್ದರಲ್ಲಿ ‘ಟ್ರಾವೆಲ್ಸ್’ ಸೇರಿತ್ತು. ಚಿಕ್ಕದ್ದರಲ್ಲಿ ಬರೀ ಬೆಟ್ಟದ ಹೆಸರು. ಚಿಕ್ಕದ್ದನ್ನು ಬರೆದದ್ದು ಅದೂ ಖಾಲಿ ಇದೆ ಎಂದು ತಿಳಿಸಲು. ಉದ್ದದ್ದನ್ನೇ ತೆಗೆದುಕೊಳ್ಳಿ ಎಂದು ಎರಡು ಸಲ ಹೇಳಿದೆ.

"ಉದ್ದ ಆಯ್ತದೆ ಮೇಡಂ," ಎಂದರು. "ಇರ್ಲಿ, ಮನೆದೇವ್ರ ಕೇಳ್ಕಂಡ್ ಬತ್ತೀನಿ."

ನಮ್ಮ ಕಡೆ ಹೂ ಕೇಳುವ ಪದ್ಧತಿ ಇದೆ. ದೇವರ ಮೂರ್ತಿಯ ಎರಡೂ ಬದಿಗೆ ಒದ್ದೆ ಹೂವು ಅಂಟಿಸಿ, ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು ಕಾಯುತ್ತಾರೆ. ಬಲಗಡೆಯದು ಬಿದ್ದರೆ ಒಪ್ಪಿಗೆ. ಹೆಣ್ಣು ನೋಡುವುದರಿಂದ ಹಿಡಿದು ಬೋರ್‌ವೆಲ್ ಕೊರೆಸುವವರೆಗೆ ಎಲ್ಲಕ್ಕೂ ಹೂವಿನದೇ ತೀರ್ಪು. ಮೂರನೇ ದಿನ ರಂಗಸ್ವಾಮಿ ಮುಖ ಅರಳಿಸಿಕೊಂಡು ಬಂದರು. ಚಿಕ್ಕ ಹೆಸರಿಗೆ ಬಲಗಡೆ ಹೂ ಬಿದ್ದಿತ್ತಂತೆ, ಅದೂ ಪೂಜಾರಿ ಗಂಟೆ ಕೆಳಗಿಡುವುದರೊಳಗೆ. ಗಿರಾಕಿಯ ಜೊತೆ ವಾದಿಸಬಹುದು, ಸೇವಂತಿಗೆ ಹೂವಿನ ಜೊತೆ ಹೇಗೆ ವಾದಿಸುವುದು? ಅದನ್ನೇ ನೋಂದಾಯಿಸಿದೆ.

ಸೈಟಿನ ಉಳಿದ ಕೆಲಸವನ್ನು ನಾನು ವೃತ್ತಿಯ ನಿಯಮದಂತೆಯೇ ಮಾಡಿದೆ. ಆಗಿನ ಡಯಲಪ್ ಕನೆಕ್ಷನ್‌ನಲ್ಲಿ ಪುಟ ಒಮ್ಮೆಗೇ ತೆರೆಯುತ್ತಿರಲಿಲ್ಲ. ಬಾಗಿಲಿನ ಪರದೆ ಇಳಿಬಿಟ್ಟಂತೆ ಮೇಲಿನಿಂದ ಸ್ವಲ್ಪ ಸ್ವಲ್ಪವೇ ಕೆಳಗೆ ಇಳಿಯುತ್ತಿತ್ತು. ಆದ್ದರಿಂದ ಮುಖ್ಯವಾದದ್ದು ಮೇಲಿರಬೇಕು. ರಂಗಸ್ವಾಮಿ ಕೊಟ್ಟ, ಮಂಜಿನಲ್ಲಿ ನಿಂತ ಗೋಪುರದ ಫೋಟೋ ಮೇಲೆ, ಅದರ ಪಕ್ಕದಲ್ಲಿ ಅವರ ಮನೆಯ ಫೋನ್ ನಂಬರು, ಕೆಳಗೆ ಜೀಪು, ವ್ಯಾನು, ಬಾಡಿಗೆ ದರ. ಬೆಟ್ಟದ ಹೆಸರು ಟೈಪ್ ಮಾಡಿ ಹುಡುಕಿದವರಿಗೆ ನಮ್ಮ ಸೈಟೇ ಮೊದಲು ಸಿಗುತ್ತಿತ್ತು. ಗೋಪುರ ಕಾಣುತ್ತಿತ್ತು, ನಂಬರು ಕಾಣುತ್ತಿತ್ತು. ಜೀಪಿನ ಚಿತ್ರ ಇಳಿದು ಬರುವಷ್ಟರಲ್ಲಿ ಅವರು ಫೋನಿನ ಮುಂದೆ ಕುಳಿತಿರುತ್ತಿದ್ದರು.

ಫೋನ್ ಎತ್ತುತ್ತಿದ್ದವರು ರಂಗಸ್ವಾಮಿಯ ಹೆಂಡತಿ ಜಯಮ್ಮ. ಹರವೆ ಕಡೆಯ ಹೆಣ್ಣುಮಗಳು, ಮಾತು ಒರಟು, ಕರುಳು ಮೆತ್ತಗೆ. ಇದು ಟ್ರಾವೆಲ್ಸ್ ಮನೆ ಎಂದು ಮೊದಮೊದಲು ಹೇಳಿದರಂತೆ. ಆ ಕಡೆಯವರು ಕೇಳಿಸಿಕೊಳ್ಳುತ್ತಿರಲಿಲ್ಲ. "ಅಮ್ಮಾ, ದೇವಸ್ಥಾನದವರಾ?" ಎಂದು ಶುರುಮಾಡಿದವರು ಕಷ್ಟವನ್ನೆಲ್ಲ ಹೇಳಿಕೊಂಡೇ ಬಿಡುತ್ತಿದ್ದರು. ಆ ಬೆಟ್ಟದ ದೇವರಿಗೆ ಮಕ್ಕಳಿಲ್ಲದವರು ಹರಕೆ ಹೊರುವುದು ಹಿಂದಿನಿಂದ ಬಂದದ್ದು. ಮದುವೆಯಾಗಿ ಇಷ್ಟು ವರ್ಷವಾಯಿತು ಎನ್ನುವವರು, ಮೂರು ಸಲ ನಿಲ್ಲಲಿಲ್ಲ ಎಂದು ಅಳುವವರು, ಮಾತೇ ಆಡದೆ ಉಸಿರು ಮಾತ್ರ ಕೇಳಿಸಿ ಇಟ್ಟುಬಿಡುವವರು. ಕ್ರಮೇಣ ಜಯಮ್ಮ ಟ್ರಾವೆಲ್ಸ್ ಎನ್ನುವುದನ್ನು ಬಿಟ್ಟರು. ಎಷ್ಟು ಹೊತ್ತಿಗೆ ಬರಬೇಕು, ಎಂಥ ಬಟ್ಟೆ ತರಬೇಕು, ಮೇಲೆ ಚಳಿ ಎಷ್ಟಿರುತ್ತದೆ ಎಂದು ಹೇಳತೊಡಗಿದರು.

ರಂಗಸ್ವಾಮಿಗೆ ಖುಷಿಯೋ ಖುಷಿ. ಫೋನ್ ಮಾಡಿದವರಲ್ಲಿ ಅರ್ಧ ಜನ ಅವರ ಜೀಪನ್ನೇ ಹತ್ತುತ್ತಿದ್ದರು. ಒಂದು ದಿನ ಜಯಮ್ಮನೇ ನನಗೆ ಫೋನ್ ಮಾಡಿದರು. "ಮೇಡಮ್ಮೋರೆ, ಈ ಫೋನು ಬಡ್ಕಂಡ್ರೆ ಎದೆ ಡವಡವ ಅಂತದೆ. ರಾತ್ರಿ ಮನಗುದ್ರೂ ಅವರ್ ದನಿನೇ ಕಿವೀಲಿ. ಏನಾರ ಮಾಡಿ" ಎಂದರು. ‘ಇದು ದೇವಸ್ಥಾನದ ಸೈಟ್ ಅಲ್ಲ’ ಎಂದು ಮೇಲೆ ದಪ್ಪ ಅಕ್ಷರದಲ್ಲಿ ಹಾಕೋಣ, ಹೆಸರನ್ನೂ ಬದಲಾಯಿಸೋಣ ಎಂದು ರಂಗಸ್ವಾಮಿಗೆ ಹೇಳಿ ಹೇಳಿ ನನಗೆ ಸಾಕಾಯಿತು. ದೇವರು ಕೊಟ್ಟ ಹೆಸರು, ತೆಗೆಯೋಕೆ ನಾವ್ಯಾರು ಎನ್ನುವುದೇ ಅವರ ಪಲ್ಲವಿ. ಎದುರಿಗೆ ಕೂತು ಜಗಳವಾಡಿಯಾದರೂ ಒಪ್ಪಿಸುತ್ತೇನೆ ಎಂದು ಆಷಾಢದ ಒಂದು ದಿನ ಗುಂಡ್ಲುಪೇಟೆ ಬಸ್ಸು ಹತ್ತಿದೆ.

ಅವತ್ತು ತೆರಕಣಾಂಬಿ ದಾಟುತ್ತಿದ್ದಂತೆ ಬೆಟ್ಟದ ಕಡೆ ಆಕಾಶ ಕಪ್ಪಗೆ ಕವಿದಿತ್ತು. ಮಳೆ ಇರಲಿಲ್ಲ, ಗಾಳಿಯೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಮನೆ ತಲುಪಿದೆ. ಪಡಸಾಲೆಯ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದಿಸಿದ್ದ ಫೋನು. ಜಯಮ್ಮ ಅದಕ್ಕೆ ಬೆನ್ನು ಹಾಕಿ ಕೂತಿದ್ದರು.

ನಾನು ಮಾತು ಶುರುಮಾಡುವ ಮೊದಲೇ ಅವರು ಒಂದು ಹೆಣ್ಣಿನ ವಿಷಯ ಎತ್ತಿದರು. ಆ ವಾರವೆಲ್ಲ ಅದೇ ದನಿ ಮತ್ತೆ ಮತ್ತೆ ಬಂದಿತ್ತಂತೆ. ಮೈಸೂರಿನ ಕಡೆಯವಳು. ಪೂಜೆಯ ವಿಷಯ ಕೇಳಲಿಲ್ಲ, ಹರಕೆಯ ವಿಷಯ ಕೇಳಲಿಲ್ಲ.

"ಸಂಜೆ ಮೇಲೆ ಬೆಟ್ಟದಲ್ಲಿ ಯಾರಾದ್ರೂ ಇರ್ತಾರಾ ಅಂತಾಳೆ," ಎಂದರು ಜಯಮ್ಮ. "ಯಾರೂ ಇರಾಕಿಲ್ಲ ಕಣವ್ವ, ಆನೆ ಬತ್ತವೆ, ಎಲ್ರನ್ನೂ ಇಳ್ಸುಬುಡ್ತರೆ ಅಂದೆ. ಒಬ್ರೂ ಇರಲ್ವಾ ಅಂತ ಇನ್ನೊಂದ್ ದಪ ಕೇಳ್ತು."

"ಈಗೆಲ್ಲಿದ್ದಾಳೆ?" ಎಂದೆ.

ಉತ್ತರ ಕೊಟ್ಟವರು ಒಳಗಿನಿಂದ ಬಂದ ರಂಗಸ್ವಾಮಿ. "ಬೆಳಗ್ಗೆ ಬಸ್ ಸ್ಟ್ಯಾಂಡಲ್ಲಿ ಇಳ್ದು ಫೋನ್ ಮಾಡ್ತು. ನಮ್ ಸಿದ್ದರಾಜು ಜೀಪಲ್ಲಿ ಕರ್ಕಂಡೋದ. ಒಳ್ಳೆ ಗಿರಾಕಿ ಮೇಡಂ. ಓಗಾಕ್ ಮಾತ್ರ ಸಾಕು, ಬರಾಕ್ ಗಾಡಿ ಬ್ಯಾಡ ಅಂತು."

ಆ ಬೆಟ್ಟದ ಬಾಡಿಗೆಯ ರೀತಿ ಗೊತ್ತಿದ್ದವರಿಗೆ ಈ ಮಾತಿನ ಅರ್ಥ ತಿಳಿಯುತ್ತದೆ. ಮೇಲೆ ಉಳಿಯಲು ಜಾಗವಿಲ್ಲ. ಸುತ್ತ ಹುಲಿ, ಆನೆಗಳ ಕಾಡು, ನಡೆದು ಇಳಿಯಲು ಬಿಡುವುದಿಲ್ಲ. ಹತ್ತಿಸಿದ ಗಾಡಿಯೇ ದರ್ಶನ ಮುಗಿಯುವ ತನಕ ಕಾದು ಇಳಿಸುತ್ತದೆ. ಸೈಟಿನಲ್ಲಿ ಬಾಡಿಗೆ ದರ ಬರೆಯುವಾಗ ‘ಹೋಗಲು ಮಾತ್ರ’ ಎಂಬ ಸಾಲು ಬೇಕೇ ಎಂದು ನಾನು ಕೇಳಿದ್ದಕ್ಕೆ, ಹಾಗೆ ಯಾರೂ ಹೋಗುವುದಿಲ್ಲ ಎಂದು ಇದೇ ರಂಗಸ್ವಾಮಿ ನಕ್ಕಿದ್ದರು. ಅದನ್ನು ನೆನಪಿಸಿದೆ. ಅವರ ಮುಖದ ಬಣ್ಣ ಇಳಿಯಿತು.

ಆಗಲೇ ಹೊರಗೆ ಜೀಪು ನಿಂತ ಸದ್ದಾಯಿತು. ಸಿದ್ದರಾಜು ಒಬ್ಬನೇ ಇಳಿದು ಬಂದ. ಕೈಯಲ್ಲಿ ಒಂದು ಜೊತೆ ಹೆಂಗಸರ ಚಪ್ಪಲಿ. ದೇವಸ್ಥಾನಕ್ಕೆ ಹೋಗುವವರು ಚಪ್ಪಲಿಯನ್ನು ಗಾಡಿಯಲ್ಲೇ ಬಿಡುವುದು ವಾಡಿಕೆ, ಅದರಲ್ಲೇನೂ ಹೊಸದಿಲ್ಲ.

"ಅಣ್ಣ, ಆಯಮ್ಮ ಇದ ಬುಟ್ಬುಟ್ರು," ಎಂದ. "ಗಾಡಿ ತಿರುಗ್ಸಾಗ ಕೂಗ್ದೆ, ತಕಳಿ ಅಂತ. ಇರ್ಲಿ ಬಿಡಿ, ಇನ್ನು ಬೇಕಾಗಲ್ಲ ಅಂದ್ರು."

ಜಯಮ್ಮ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಇನ್ನೇನ್ ನೋಡ್ತಾ ನಿಂತಿದ್ದೀಯ? ಗಾಡಿ ತಿರುಗ್ಸ್ಲಾ!" ಎಂದು ಸಿದ್ದರಾಜುವಿನ ಕೈಯಿಂದ ಚಪ್ಪಲಿ ಕಿತ್ತುಕೊಂಡರು. ಯಾರಾದರೂ ಫೋನ್ ಮಾಡಿದರೆ ಎತ್ತಲು ರಂಗಸ್ವಾಮಿ ಮನೆಯಲ್ಲೇ ಉಳಿದರು. ನಾವು ಮೂವರು ಹೊರಟೆವು.

ಹಂಗಳ ದಾಟಿ ಬೆಟ್ಟದ ಬುಡಕ್ಕೆ ಬಂದಾಗ ಗೇಟಿನವರು ಮೇಲೆ ಮಂಜು ಜಾಸ್ತಿ, ಬೇಗ ಇಳಿದುಬಿಡಿ ಎಂದರು. ನನ್ನ ಮೊಬೈಲಿನ ಸಿಗ್ನಲ್ ಎರಡನೇ ತಿರುವಿಗೇ ಹೋಯಿತು. ಮೇಲೇರಿದಂತೆ ಬಿಳುಪು ದಟ್ಟವಾಯಿತು, ಸಿದ್ದರಾಜು ಹಗಲಲ್ಲೇ ದೀಪ ಹಾಕಿದ. ಜಯಮ್ಮ ಆ ಚಪ್ಪಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ನನಗೆ ಭಯವಾಗಿತ್ತು. ನಾನು ಮಾಡಿದ ಒಂದು ಪುಟ, ಅದರ ಮೇಲಿದ್ದ ಒಂದು ನಂಬರು, ಆ ನಂಬರಿನ ದಾರಿಯಲ್ಲೇ ಈ ಹೆಣ್ಣು ಇಲ್ಲಿಯ ತನಕ ಬಂದಿದ್ದಳು.

ದೇವಸ್ಥಾನದ ಮುಂದೆ ಹತ್ತಾರು ಜನರಿದ್ದರು, ಹತ್ತು ಹೆಜ್ಜೆ ಆಚೆಯವರ ಮುಖ ಕಾಣುತ್ತಿರಲಿಲ್ಲ. ಒಂಟಿ ಹೆಂಗಸೊಬ್ಬಳು ತುಂಬ ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು, ಆಮೇಲೆ ಎಲ್ಲಿ ಹೋದಳೋ ತಿಳಿಯದು ಎಂದು ಅರ್ಚಕರು ಹೇಳಿದರು. ಸಿದ್ದರಾಜು ಒಂದು ಸುತ್ತು ಹಾಕಿ ಬಂದು ತಲೆ ಅಲ್ಲಾಡಿಸಿದ. ಅವಳ ಮುಖ ಕಂಡಿದ್ದವನು ಅವನೊಬ್ಬನೇ, ಆ ಮಂಜಿನಲ್ಲಿ ಮುಖ ಗೊತ್ತಿದ್ದು ಏನು ಪ್ರಯೋಜನ? ಗುಡಿಯ ಹಿಂದೆ ಹುಲ್ಲಿನ ಇಳಿಜಾರು, ಅದರಾಚೆ ಬರೀ ಬಿಳುಪು.

ಜಯಮ್ಮ ಆ ಇಳಿಜಾರಿನ ತುದಿಗೆ ಹೋಗಿ ನಿಂತರು. ಅರಚಲಿಲ್ಲ. ಫೋನಿನಲ್ಲಿ ಹೇಗೆ ಮಾತಾಡುತ್ತಿದ್ದರೋ ಹಾಗೆಯೇ, ಸ್ವಲ್ಪ ಗಟ್ಟಿಯಾಗಿ ಶುರುಮಾಡಿದರು.

"ಅಮ್ಮೀ... ನಾನು ಕಣಮ್ಮಿ, ಫೋನಲ್ಲಿ ಮಾತಾಡ್ತಿದ್ದವ್ಳು. ಸ್ವೆಟ್ರು ತತ್ತಾ ಅಂದಿದ್ನಲ್ಲ, ತಂದ್ಯವ್ವ? ಚಳಿ ಆಯ್ತಾ ಇಲ್ವಾ ನಿಂಗೆ? ಬರಿಗಾಲಲ್ಲಿ ಓದ್ಯಲ್ಲ, ಮುಳ್ಳು ಚುಚ್ಚಾಕಿಲ್ವಾ?"

ಏನೂ ಇಲ್ಲ. ಅವರು ಬಿಡಲಿಲ್ಲ. ಅದೇ ದನಿಯಲ್ಲಿ ಊಟ ಆಯಿತಾ ಎಂದರು, ನಾನು ಕಾಯುತ್ತಾ ನಿಂತಿದ್ದೇನೆ ಎಂದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಎಷ್ಟು ಹೊತ್ತಾಯಿತೋ, ಕೆಳಗೆ, ನಮ್ಮ ಎಡಕ್ಕೆ, ಬಂಡೆಯ ಕಡೆಯಿಂದ ಸಣ್ಣದೊಂದು ದನಿ ಬಂತು.

"ದೇವಸ್ಥಾನದ ಅಮ್ಮನಾ?"

ಜಯಮ್ಮ ನನ್ನ ಕಡೆ ತಿರುಗಿ ನೋಡಿದರು. ಇದು ದೇವಸ್ಥಾನವಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆಸಲು ಬಂದವಳು ನಾನು. ನಾನು ಹೂಂ ಎಂದು ತಲೆಯಾಡಿಸಿದೆ.

"ಊಂ ಕಣವ್ವ, ದೇವಸ್ಥಾನದವ್ಳೇ," ಎಂದರು ಜಯಮ್ಮ. "ನೀ ಅಲ್ಲೇ ಕುಂತಿರು, ಅಲ್ಲಾಡ್ಬ್ಯಾಡ. ನಾನೇ ಬತ್ತೀನಿ."

ಸಿದ್ದರಾಜು ಜಯಮ್ಮನ ಕೈ ಹಿಡಿದು ಇಳಿಸಿದ, ಅವರು ಆ ಹೆಣ್ಣನ್ನು ತಬ್ಬಿಕೊಂಡೇ ಹತ್ತಿಸಿಕೊಂಡು ಬಂದರು. ಇಪ್ಪತ್ತೈದರ ಆಸುಪಾಸಿನ ಹೆಣ್ಣು, ತುಟಿ ನೀಲಿಗಟ್ಟಿತ್ತು. ಹೆರಿಗೆಯಲ್ಲಿ ಮಗು ಹೋಗಿತ್ತು, ಮನೆಯವರ ಮಾತು ಕೇಳಲಾರದೆ ಹೊರಟುಬಂದಿದ್ದಳು. ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ, ಅದು ಅವಳದು. ಜೀಪಿನ ಹತ್ತಿರ ಜಯಮ್ಮ ಬಗ್ಗಿ ಅವಳ ಕಾಲಿಗೆ ಚಪ್ಪಲಿ ತೊಡಿಸಿದರು. ಆಗ ಅವಳು ಮೊದಲ ಬಾರಿಗೆ ಜೋರಾಗಿ ಅತ್ತಳು. ಮನೆಗೆ ಕರೆತಂದು ಅವಳ ಅಣ್ಣನಿಗೆ ಫೋನ್ ಮಾಡಿದೆವು. ಸಂಜೆ ಅವನು ಬಂದು ಕರೆದುಕೊಂಡು ಹೋಗುವವರೆಗೂ ಜಯಮ್ಮ ಅವಳ ಪಕ್ಕದಿಂದ ಏಳಲಿಲ್ಲ.

ಮಾರನೆಯ ವಾರ ರಂಗಸ್ವಾಮಿ ತಾವಾಗಿಯೇ ನನ್ನ ಕಚೇರಿಗೆ ಬಂದರು. ಉದ್ದದ ಹೆಸರನ್ನು ತೆಗೆದುಕೊಂಡೆವು, ‘ಟ್ರಾವೆಲ್ಸ್’ ಸೇರಿಸಿ, ಜೀಪಿನ ಚಿತ್ರ ಎಲ್ಲಕ್ಕಿಂತ ಮೇಲಿಟ್ಟು. ಹಳೆಯದನ್ನು ನವೀಕರಿಸದೆ ಬಿಟ್ಟುಬಿಡೋಣ, ಆ ಹೂವೇ ನಮಗೆ ಮೋಸ ಮಾಡಿತು ಎಂದರು. ಅಷ್ಟರಲ್ಲಿ ಜಯಮ್ಮನ ಫೋನ್ ಬಂತು.

"ಅದ ಬುಡಬ್ಯಾಡಿ ಮೇಡಮ್ಮೋರೆ," ಎಂದರು. "ಹೂವು ಸರಿಯಾಗೇ ಕೊಟ್ಟದೆ. ಟ್ರಾವೆಲ್ಸ್ ಅಂತ ಇದ್ದಿದ್ರೆ ಆ ಹುಡ್ಗಿ ಬೆಟ್ಟಕ್ಕೆ ಬರ್ದೇ ಇರ್ತಿತ್ತಾ? ಬತ್ತಿತ್ತು. ನಂಗೆ ಫೋನ್ ಮಾಡ್ತಿರ್ನಿಲ್ಲ, ಅಷ್ಟೇಯ."

ಹಳೆಯ ಡೊಮೈನನ್ನು ಉಳಿಸಿಕೊಂಡೆವು. ಇದು ದೇವಸ್ಥಾನದ ಸೈಟ್ ಅಲ್ಲ ಎಂಬ ಸಾಲನ್ನು ಮೇಲೆ ಹಾಕಿದೆ. ಅದರ ಕೆಳಗೆ ಅದೇ ನಂಬರು, ಪಕ್ಕದಲ್ಲಿ ಜಯಮ್ಮ ಹೇಳಿ ಬರೆಸಿದ ಮಾತು: ಆದರೂ ಮಾತಾಡಬೇಕು ಅನ್ನಿಸಿದರೆ ಫೋನ್ ಮಾಡಿ, ನಾನು ಇರುತ್ತೇನೆ.

ಒಳ್ಳೆಯ ಹೆಸರು, ಚಿಕ್ಕ ಹೆಸರು, ನೆನಪಿರುವ ಹೆಸರು ಎಂದು ನಾನು ಗಿರಾಕಿಗಳಿಗೆ ಈಗಲೂ ಹೇಳುತ್ತೇನೆ. ಆದರೆ ಸೈಟಿನ ಮೇಲೆ ನಂಬರು ಹಾಕುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಈ ಫೋನ್ ಎತ್ತುವವರು ಯಾರು? ಯಾರಾದರೂ ಎತ್ತುತ್ತಾರೆ ಬಿಡಿ ಮೇಡಂ ಎಂದರೆ, ಅವರನ್ನು ಮನೆಗೆ ಕಳಿಸುತ್ತೇನೆ, ಎತ್ತುವವರ ಹೆಸರು ತಿಳಿದುಕೊಂಡು ಬನ್ನಿ ಎಂದು.