ಐದು ಗಂಟೆಗೆ ಬರುತ್ತಿದ್ದ ಬಸ್ತ್ಯಾಂವ ಕಾಕಾ

“ನಾ ನನ್ನ ಹೆಂಡ್ತೀನ್ನ ಕೊಂದಾಂವ ರೀ. ಒಂದೀಟು ನೀರು ಕೊಡ್ತೀರೇನು?”

ಅಂಬೇವಾಡಿಯ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಬಸ್ತ್ಯಾಂವ ಕಾಕಾ ಆಡಿದ ಮೊದಲ ಮಾತು ಇದು. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಹಿಂದಿನ ದಿನವಷ್ಟೇ ಅವಳ ಹುಬ್ಬಿಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಬಂದಿದ್ದೆವು.

ಎತ್ತರದ ಆಳು, ಬೆಳ್ಳಗಾದ ಗುಂಗುರು ಕೂದಲು. ಹಳಿಯಾಳದ ಕಡೆಯ ಕ್ರೈಸ್ತ ಸಿದ್ದಿಗಳ ಕೇರಿಯವನು. ನಾವು ಹೋಗಿದ್ದ ಆಸ್ಪತ್ರೆಯಲ್ಲಿ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದ. ಅವ್ವ ಡಾಕ್ಟರರ ಮುಂದೆ “ಜಾರಿ ಬಿದ್ದೆ” ಎಂದದ್ದು ಅವನ ಕಿವಿಗೆ ಬಿದ್ದು, ಓಣಿ ಕೇಳಿಕೊಂಡು ಬಂದಿದ್ದ. ಅವನ ಹೆಂಡತಿ ಹೇಳಿದ್ದೂ ಅದೇ ಮಾತಂತೆ. ಕುಡಿದ ಅಮಲಿನಲ್ಲಿ ಅವನು ನೂಕಿದಾಗ ಆಕೆಯ ತಲೆ ಒರಳಿಗೆ ಬಡಿದಿತ್ತು. ಒಂಬತ್ತು ದಿನ ಮಲಗಿದ್ದು, ಕೇಳಿದವರಿಗೆಲ್ಲ ಬಿದ್ದೆ ಬಿದ್ದೆ ಎನ್ನುತ್ತಲೇ ತೀರಿಕೊಂಡಳು.

“ಬಿದ್ದು ಸತ್ಳು ಅಂತ ಊರು ಅಂತೈತಿ. ಕೆಡವಿದಾಂವ ನಾ,” ಎಂದು ನೀರು ಕುಡಿದು ತಂಬಿಗೆ ಕೆಳಗಿಟ್ಟ.

ಕಟ್ಟೆಯ ಮೇಲಿದ್ದ ಅಪ್ಪ ಕೆರಳಿದ. ಅಪ್ಪ ಕಟ್ಟಿಗೆ ಡಿಪೋದಲ್ಲಿ ಹಮಾಲಿ ಮಾಡುತ್ತಿದ್ದ, ಸಂಜೆ ಐದಾದರೆ ದಾರೂ ಅಂಗಡಿಯ ಹಾದಿ ಹಿಡಿಯುತ್ತಿದ್ದ. “ನಮ್ಮನ್ನ ನಿಮ್ಮ ಜಾತಿಗೆ ಸೇರಸಾಕ ಬಂದಿಯೇನಲೇ?”

“ಇಲ್ಲಪಾ. ಸತ್ತಾಂಗ ಬಿದ್ದಿದ್ದೆ, ಯೇಸು ನನ್ನ ಎಬ್ಬಿಸಿದ. ಅದನ್ನ ಹೇಳಾಕ ಬಂದೇನಿ. ತಗೊಳ್ಳೂದು ಬಿಡೂದು ನಿಂದು.”

ಮರುದಿನ ಸರಿಯಾಗಿ ಐದಕ್ಕೆ ಮತ್ತೆ ಬಂದ. ಅಪ್ಪ ಬೈದ. ಅದರ ಮರುದಿನವೂ ಬಂದ. ಅಪ್ಪ ಅಂಗಡಿಗೆ ನಡೆದರೆ ಪಕ್ಕದಲ್ಲೇ ನಡೆದು, ಹೊರಗೆ ಕಲ್ಲಿನ ಮೇಲೆ ಕೂತು, ತೂರಾಡುವವನನ್ನು ಮನೆ ಮುಟ್ಟಿಸಿ ಹೋಗುತ್ತಿದ್ದ. ಆಗ ನಾನು ಬಾಲವಾಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಕಾಕಾ ಅಂಗಳದಲ್ಲಿದ್ದ ದಿನ ಅಪ್ಪನ ಕೈ ಮೇಲೇಳುತ್ತಿರಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಮೂರು ವಾರವಾದ ಮೇಲೆ ಒಂದು ಸಂಜೆ ಇಬ್ಬರೂ ಅಂಗಡಿ ಬಿಟ್ಟು ಕಾಳಿ ನದಿಯ ಕಡೆ ತಿರುಗಿದರು. ನಾಲ್ಕು ತಿಂಗಳು ಅಪ್ಪ ಕುಡಿಯಲಿಲ್ಲ. ಕಾಕಾ ಕೊಂಕಣಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದ: “ದೇವಾ, ಹೊ ತುಜೊಚ್ ಮನಿಸ್.” ದೇವರೇ, ಇವನು ನಿನ್ನವನೇ ಎಂದಂತೆ. ಅವ್ವ ಮಾತ್ರ ಖಡಕ್ಕಾಗಿ ಹೇಳಿದ್ದಳು: “ನಾ ನನ್ನ ದೇವ್ರ ಬಿಡಂಗಿಲ್ಲ ನೋಡಪಾ.” “ಯಾಕ ಬಿಡ್ತೀರಿ? ಬಿಡಬ್ಯಾಡ್ರಿ,” ಎಂದು ಕಾಕಾ ನಕ್ಕಿದ್ದ. ಅವನು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಪ್ಪ ಮತ್ತೆ ಕುಡಿದ. ಮಳೆಗಾಲದ ಹೊತ್ತಿಗೆ ಹೊಟ್ಟೆ ಉಬ್ಬಿ, ಕಣ್ಣು ಅರಿಶಿಣವಾಗಿ ಹಾಸಿಗೆ ಹಿಡಿದ. ಡಾಕ್ಟರರು ಮನೆಗೆ ಕಳಿಸಿಬಿಟ್ಟರು. ಆಗಲೂ ಕಾಕಾ ಐದಕ್ಕೆ ಬರುತ್ತಿದ್ದ. ಅಪ್ಪನ ಮೈ ಒರೆಸಿ, ಹೊಲಸಾದ ಬಟ್ಟೆಯನ್ನು ನಮ್ಮ ಕೈಗೆ ಕೊಡದೆ ತಾನೇ ಹಿತ್ತಲಿನಲ್ಲಿ ಒಗೆದು ಹಾಕುತ್ತಿದ್ದ.

ಒಂದು ದಿನ ಅಪ್ಪ ಅವನ ಅಂಗಿ ಹಿಡಿದು ಕೇಳಿದ: “ನಿನ್ನ ಯೇಸು ನನ್ನಂಥಾವನ್ನ ಕ್ಷಮಸ್ತಾನೇನೋ?”

“ನನ್ನ ಕ್ಷಮಿಸ್ಯಾನ. ನಿನ್ನ ಬಿಡ್ತಾನೇನು?” ಎಂದ ಕಾಕಾ. ಅಪ್ಪನ ಹೊದಿಕೆ ಸರಿಮಾಡಿ ಮತ್ತೆ ಹೇಳಿದ: “ಆದ್ರ ನನ್ನ ಮಗಳು ಕ್ಷಮಿಸಿಲ್ಲ. ದೇವ್ರು ಕ್ಷಮಿಸ್ಯಾನ, ನೀನೂ ಕ್ಷಮಿಸು ಅಂತ ಆಕೀ ಮುಂದ ಹೋಗಿ ನಿಲ್ಲಾಕ ಬರಂಗಿಲ್ಲ. ನನ್ನ ಹೆಂಡ್ತೀನ್ನ ಕೇಳೂಣು ಅಂದ್ರ ಆಕಿ ಇಲ್ಲ. ನಿನ್ನಾಕಿ ಒಳಗ ಅದಾಳ. ಕೇಳು.”

ಅಪ್ಪ ಅವ್ವನನ್ನು ಕರೆದ. ಕೈ ಮುಗಿಯಲು ಹೋದ. ಎರಡೂ ಕೈ ಕೂಡಿಸುವಷ್ಟು ಶಕ್ತಿಯಿರಲಿಲ್ಲ. “ತಪ್ಪಾತು,” ಎಂದ.

“ಇದನ್ನ ಅನ್ನಾಕ ಇಪ್ಪತ್ತೆಂಟು ವರ್ಷ ಬೇಕಾತೇನು ನಿಮಗ?” ಎಂದಳು ಅವ್ವ. ಸೆರಗಿನಿಂದ ಅವನ ಬಾಯಿ ಒರೆಸಿ ಒಳಗೆ ಹೋಗಿ, ಒಲೆಯ ಮುಂದೆ ಕೂತು ಗಟ್ಟಿಯಾಗಿ ಅತ್ತಳು. ಮೂರನೆಯ ದಿನ ಅಪ್ಪ ಹೋದ. ಅವ್ವ ಕ್ಷಮಿಸಿದಳೋ ಇಲ್ಲವೋ, ನಾನು ಇಂದಿಗೂ ಕೇಳಿಲ್ಲ.

ಆಮೇಲೆ ಕಾಕಾ ಕೋಗಿಲಬನದ ಒಂದು ಮನೆಗೆ ಐದು ಗಂಟೆಗೆ ಹೋಗುತ್ತಾನೆಂದು ಕೇಳಿದ್ದೆ. ಹೋದ ವರ್ಷ ಅಲ್ಲಿಗೆ ನಡೆದು ಹೋಗುವಾಗಲೇ ಎದೆ ಹಿಡಿದುಕೊಂಡು ರಸ್ತೆಯ ಬದಿಯಲ್ಲಿ ಕುಸಿದನಂತೆ.

ಮಣ್ಣಿಗೆ ನಾನೂ ಅವನ ಕೇರಿಗೆ ಹೋದೆ. ಮುಂಡಗೋಡದಿಂದ ಮಗಳು ಕತ್ರೀನ್ ಬಂದಿದ್ದಳು. ಎಲ್ಲರಿಂದ ದೂರ, ಬೇಲಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಹೋಗಿ ನನ್ನ ಅಪ್ಪನ ಕಥೆ ಹೇಳಿದೆ.

“ವರ್ಷಾ ವರ್ಷಾ ಕ್ರಿಸ್‌ಮಸ್‌ಗೆ ನಮ್ಮನಿಗೂ ಬರ್ತಿದ್ದ,” ಎಂದಳು. “ನಾ ಬಾಗ್ಲಾ ತಗೀತಿರಲಿಲ್ಲ. ಅವ್ವ ಸಾಯೂ ಹೊತ್ತಿಗೆ ನನಗ ಏಳು ವರ್ಷ ರೀ. ಒರಳಿನ ಬಾಜೂಕ ನಿಂತಿದ್ದೆ ನಾ.”

ಪಾದ್ರಿಗಳ ಪ್ರಾರ್ಥನೆ ಮುಗಿದು ಜನ ಒಬ್ಬೊಬ್ಬರೇ ಮಣ್ಣು ಹಾಕತೊಡಗಿದರು. ಕತ್ರೀನ್ ಅಲುಗಲಿಲ್ಲ. ಕೊನೆಗೆ ನಾನು ಹೊರಟಾಗ ಮೊಣಕೈ ಹಿಡಿದು ನಿಲ್ಲಿಸಿದಳು.

“ನನ್ನ ಕೈಲೆ ಆಗಂಗಿಲ್ಲ. ನನ್ನ ಹೆಸರಿಂದ ನೀವ ಒಂದು ಹಿಡಿ ಹಾಕ್ರಿ.”

ಎರಡು ಹಿಡಿ ಹಾಕಿದೆ. ಮೊದಲನೆಯದು ನನ್ನದು. ಎರಡನೆಯದನ್ನು ಹಾಕುವ ಮುಂಚೆ ತಿರುಗಿ ನೋಡಿದೆ. ಅವಳು ಬೇಲಿ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದು ನಿಂತಿದ್ದಳು.