ಹೂವಕ್ಕ ಸುತ್ತಿದ ಡಬ್ಬಿ

ಹೂವಕ್ಕನ ಲೆಕ್ಕದಲ್ಲಿ ಮನುಷ್ಯರು ಎರಡೇ ಬಗೆ. ಉಡುಗೊರೆಯ ಕಾಗದವನ್ನು ಉಗುರಿನಿಂದ ಮೆಲ್ಲಗೆ ಬಿಡಿಸುವವರು, ಪರಪರ ಹರಿಯುವವರು. ಎರಡನೆಯ ಬಗೆಯವರ ಮನೆಯಲ್ಲಿ ಅವಳು ನೀರು ಕುಡಿಯುವುದೂ ಅನುಮಾನ. ಕಟ್ಟಿಕೊಂಡ ಗಂಡನೇ ಹರಿಯುವವನೆಂದು ಮದುವೆಯಾದ ಮೇಲೆ ಗೊತ್ತಾಯಿತು, ಅಷ್ಟರಲ್ಲಿ ಕಾಲ ಮಿಂಚಿತ್ತು.

ಈ ಹೆಸರು ಅವಳಿಗೆ ಅಂಗಡಿಯಿಂದ ಬಂದದ್ದು. ಬಸ್ ನಿಲ್ದಾಣದ ಎದುರಿನ ಗಿಫ್ಟ್ ಅಂಗಡಿಯಲ್ಲಿ, ಗಾಜಿನ ಕಿಟಕಿಗೆ ಅಂಟಿಕೊಂಡ ಮೇಜಿನ ಹಿಂದೆ ಅವಳ ಆಸ್ಥಾನ. ಗಿರಾಕಿ ಕೊಂಡ ಸಾಮಾನನ್ನು ಬಣ್ಣದ ಕಾಗದದಲ್ಲಿ ಸುತ್ತಿ, ಮೇಲೊಂದು ಕಾಗದದ ಹೂವು ಕೂರಿಸುವುದು ಕೆಲಸ. ಕ್ರೇಪ್ ಕಾಗದವನ್ನು ಪಟ್ಟಿಯಾಗಿ ಕತ್ತರಿಸಿ, ಅಂಚನ್ನು ಕತ್ತರಿಯ ಅಲಗಿಗೆ ಒತ್ತಿ ಎಳೆದರೆ ಎಸಳು ತಾನಾಗಿ ಸುರುಳಿಯಾಗುತ್ತಿತ್ತು. ಎಸಳ ಮೇಲೆ ಎಸಳು ಸುತ್ತಿ ಬುಡಕ್ಕೆ ತಂತಿ ಬಿಗಿದರೆ ಹೂವು. ಎಡಮೂಲೆಯ ಮೇಲೆ ಬಲಮೂಲೆ ಬರಬೇಕು, ಟೇಪು ಮಡಿಕೆಯೊಳಗೇ ಅಡಗಬೇಕು. ಟೇಪು ಹೊರಗೆ ಕಂಡರೆ ಅವಳಿಗೆ ಒಳಅಂಗಿ ಇಣುಕಿದಷ್ಟು ಅವಮಾನ.

"ಒಳಗಿರೋದು ಯಾವ ಅಂಗಡೀಲಾದ್ರೂ ಸಿಗುತ್ತೆ ಕಣ್ರೀ, ಹೊರಗಿರೋದು ನನ್ನ ಹತ್ರ ಮಾತ್ರ" ಎಂದು ಗಿರಾಕಿಗಳ ಮುಖಕ್ಕೇ ಹೇಳುತ್ತಿದ್ದಳು. ಒಳಗಿನದನ್ನು ಮಾರಿಯೇ ಹೊಟ್ಟೆ ಹೊರೆಯುತ್ತಿದ್ದ ಮಾಲೀಕ ಕೇಳಿಯೂ ಕೇಳದವನಂತೆ ಇರುತ್ತಿದ್ದ. ಅವಳ ಮಾತಿಗೆ ಕಿಟಕಿಯೇ ಸಾಕ್ಷಿ. ಅಲ್ಲಿ ಜೋಡಿಸಿಟ್ಟ ಬೆಡಗಿನ ಡಬ್ಬಿಗಳೆಲ್ಲ ಬರೀ ತೋರಿಕೆಯವು. ಫ್ಯಾನಿನ ಗಾಳಿಗೆ ಉರುಳದಿರಲೆಂದು ಒಳಗೆ ನ್ಯೂಸ್ ಪೇಪರಿನ ಉಂಡೆ ತುರುಕಿರುತ್ತಿದ್ದಳು. ಉಂಡೆ, ಮುಚ್ಚಳ, ಕಾಗದ, ಹೂವು. ವರ್ಷಗಟ್ಟಲೆ ಮಾಡಿ ಮಾಡಿ ಈ ಕೆಲಸ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ತಲೆಗೆ ಅಲ್ಲಿ ಏನೂ ಕೆಲಸವಿರಲಿಲ್ಲ.

ಹರಿಯುವವರ ಪಟ್ಟಿಯಲ್ಲಿ ಮೊದಲ ಹೆಸರು ಒಡಹುಟ್ಟಿದ ತಂಗಿಯದು. ಅವಳು ಆಸ್ಪತ್ರೆಯಲ್ಲಿ ನರ್ಸು. ಬ್ಯಾಂಡೇಜು ಬಿಟ್ಟು ಬೇರೇನನ್ನೂ ನೆಟ್ಟಗೆ ಸುತ್ತಿದವಳಲ್ಲ. ಕೆಲವು ವರ್ಷಗಳ ಹಿಂದೆ ಹೂವಕ್ಕನ ಮಗಳ ಹುಟ್ಟುಹಬ್ಬಕ್ಕೆ ಡ್ಯೂಟಿ ಮುಗಿಸಿ ನೇರವಾಗಿ ಬಂದಳು, ಉಡುಗೊರೆಯನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿಕೊಂಡು. ಹೂವಕ್ಕ ನೆಂಟರೆಲ್ಲರ ಎದುರಿಗೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದೇನೇ, ಮೀನು ತಂದಿದೀಯಾ?"

ನೆಂಟರು ನಕ್ಕರು. ಹೂವಕ್ಕ ಅಷ್ಟಕ್ಕೇ ಬಿಟ್ಟಳೇ? ಪೇಪರು ಬಿಚ್ಚಿ, ಹೊಸ ಕಾಗದ ಸುತ್ತಿ, ಹೂವು ಕೂರಿಸಿ, ತಂಗಿಯ ಕೈಗೇ ಇಟ್ಟು "ಈಗ ಕೊಡು" ಎಂದಳು. ತಂಗಿ ಕೊಟ್ಟಳು. ಊಟ ಮಾಡದೆ ಹೊರಟುಹೋದಳು. ಆಮೇಲೆ ಮಾತಿಲ್ಲ ಕತೆಯಿಲ್ಲ. "ನಾನೇನು ಮಾಡ್ದೆ? ಚೆಂದ ಮಾಡಿಕೊಟ್ಟೆ ತಾನೇ?" ಎಂದು ಹೂವಕ್ಕ ಕಂಡಕಂಡವರನ್ನೆಲ್ಲ ಕೇಳಿದಳು. ಆದರೆ ತಂಗಿಯಿಲ್ಲದೆ ಅವಳಿಗೆ ದಿನ ಸಪ್ಪೆಯಾಗಿತ್ತು. ಮನಸ್ಸು ಬಿಚ್ಚಿ ಜಗಳವಾಡಲೂ ಸ್ವಂತದವರೇ ಬೇಕಲ್ಲ.

ತಂಗಿಗೆ ಐವತ್ತು ತುಂಬುವ ಹೊತ್ತಿಗೆ ಅವಳ ಗಂಡ ಫೋನು ಮಾಡಿದ. "ಅಕ್ಕ, ಅವಳೇ ಕರೀಲಿ ಅಂತ ಕಾಯ್ಬೇಡಿ. ಬಂದ್ಬಿಡಿ."

ಈ ಸಲ ಸರಿಹೋಗದಿದ್ದರೆ ಇನ್ನು ಈ ಜನ್ಮದಲ್ಲಿ ಸರಿಹೋಗದು ಎಂದು ಹೂವಕ್ಕನಿಗೆ ಖಾತ್ರಿಯಾಗಿತ್ತು. ಒಂದು ವಾಚು ಕೊಂಡಳು. ನಾಡಿ ನೋಡುವವಳಿಗೆ ಬೇಕೆಂದು, ಸೆಕೆಂಡಿನ ಮುಳ್ಳು ಎದ್ದು ಕಾಣುವಂಥದ್ದನ್ನೇ ಹುಡುಕಿ ಆರಿಸಿದ್ದಳು. ಜೀವನದಲ್ಲಿ ಮೊದಲ ಸಲ ಒಳಗಿನ ಸಾಮಾನಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದು ಅದೇ. ಆದರೆ ಹೂವು ಮಾಡಲು ಕುಳಿತದ್ದೇ ತಡ, ವಾಚು ಗೀಚು ಎಲ್ಲ ಮರೆತೇಹೋಯಿತು. ಒಂದು ಮಾಡಿದಳು, ಬಣ್ಣ ಸರಿಯಿಲ್ಲವೆಂದು ಬಿಚ್ಚಿದಳು. ಇನ್ನೊಂದು ಮಾಡಿದಳು. ಕೊನೆಗೆ ಅರಳಿದ್ದು ಡಬ್ಬಿಗಿಂತ ದೊಡ್ಡದಾಯಿತು.

ಹುಟ್ಟುಹಬ್ಬದಲ್ಲಿ ತಂಗಿ "ಬಾ" ಎಂದಳು. ಡಬ್ಬಿಯನ್ನು ಉಳಿದವುಗಳ ಜೊತೆ ಇಟ್ಟಳು. ಹೂವಕ್ಕ ಅಷ್ಟಕ್ಕೇ ಹಿಗ್ಗಿ ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಗಂಡ ಮೇಜಿನ ಮೇಲಿನ ಕಾಗದದ ಚೂರುಗಳನ್ನು ಒಟ್ಟುಮಾಡುತ್ತ ಕೇಳಿದ. "ನಿನ್ನ ತಂಗಿಗೆ ಏನು ಕೊಟ್ಟೆ?"

"ವಾಚು. ನೀವೇ ನೋಡಿದ್ರಲ್ಲ."

"ಹಾಗಾದ್ರೆ ಇದೇನು?"

ಚೂರುಗಳ ಅಡಿಯಿಂದ ಎತ್ತಿದ ವಾಚು ಅವನ ಕೈಯಲ್ಲಿತ್ತು. ಉಂಡೆ, ಮುಚ್ಚಳ, ಕಾಗದ, ಹೂವು. ಕೈ ತನ್ನ ರೂಢಿಯನ್ನು ಒಂದಿಷ್ಟೂ ತಪ್ಪದೆ ಮಾಡಿ ಮುಗಿಸಿತ್ತು. ಬೇರೆಯವರಿಗಾದರೆ ಮರೆವು ಎನ್ನಬಹುದಿತ್ತು. ನ್ಯೂಸ್ ಪೇಪರಿನ ದೆಸೆಯಿಂದ ಅವಮಾನಪಟ್ಟು ಹೋದವಳಿಗೆ ನ್ಯೂಸ್ ಪೇಪರನ್ನೇ ಸಿಂಗರಿಸಿ ಕೊಟ್ಟು ಬಂದರೆ, ಅದನ್ನು ಮರೆವು ಎಂದು ನಂಬುವವರು ಯಾರು? ವಾಚನ್ನು ಕೈಚೀಲಕ್ಕೆ ಹಾಕಿಕೊಂಡು, ತಲೆಯನ್ನೂ ಬಾಚದೆ ಓಡಿದಳು.

ತಂಗಿ ಬಾಗಿಲು ತೆಗೆದಳು. ನಡುಮನೆಯ ಗಾಜಿನ ಬೀರುವಿನಲ್ಲಿ ಡಬ್ಬಿ ಹೂವಿನ ಸಮೇತ ಮೆರೆಯುತ್ತಿತ್ತು.

"ಬಿಚ್ಚಿಲ್ವಾ?" ಹೂವಕ್ಕನಿಗೆ ಹೋದ ಜೀವ ಬಂತು.

"ಇಷ್ಟು ಚೆಂದ ಇದೆ, ಬಿಚ್ಚೋಕೆ ಮನಸ್ಸೇ ಬರ್ಲಿಲ್ಲ."

ತಂಗಿಯ ಬಾಯಿಂದ ಇಂಥ ಮಾತು ಕೇಳಲು ಹೂವಕ್ಕ ಅರ್ಧ ಆಯುಷ್ಯ ಕಾದಿದ್ದಳು. ಸುಮ್ಮನೆ ಕಾಫಿ ಕುಡಿದು ವಾಚಿನ ಸಮೇತ ಮನೆಗೆ ಹೋಗಿಬಿಡುವ ಯೋಚನೆ ಬರಲಿಲ್ಲವೆಂದರೆ ಸುಳ್ಳಾದೀತು. ತನ್ನ ಕೈಚಳಕವನ್ನು ಹತ್ತಿರದಿಂದ ನೋಡೋಣವೆಂದು ಬೀರುವಿನ ಬಳಿ ಬಗ್ಗಿದಳು. ಬಲಮೂಲೆಯ ಮೇಲೆ ಎಡಮೂಲೆ ಬಂದಿತ್ತು. ಅದರ ಮೇಲೆ ಎದ್ದು ಕಾಣುವಂತೆ, ಗಾಯಕ್ಕೆ ಅಂಟಿಸುವ ಆಸ್ಪತ್ರೆಯ ಬಿಳಿ ಟೇಪು.

ಹೂವಕ್ಕನ ಬೆರಳು ತಾನಾಗಿ ಆ ಮೂಲೆಯ ಕಡೆ ಹೋಯಿತು. ಅರ್ಧಕ್ಕೇ ಹಿಂದಕ್ಕೆಳೆದುಕೊಂಡಳು. ಕೈಚೀಲದಿಂದ ವಾಚು ತೆಗೆದು, ಕಾಗದವಿಲ್ಲದೆ ಹೂವಿಲ್ಲದೆ, ತಂಗಿಯ ಮುಂದೆ ಹಿಡಿದಳು.

"ಇದೇನು, ಹೀಗೇ ಕೊಡ್ತಿದೀಯಾ?"

"ಕಾಗದ ನಿನ್ನೇನೇ ಬಂದಿದೆಯಲ್ಲ."

"ಬಂದಿದೆ. ಓದಿಯೂ ಆಯ್ತು. ಎಲ್ಲಾ ಹಳೇ ಸುದ್ದಿ."

"ಬೇಕಂತ ಮಾಡಿದ್ದಲ್ಲ ಕಣೇ. ಆವತ್ತು ಮಾಡಿದ್ದು ಮಾತ್ರ ಬೇಕಂತಲೇ. ತಪ್ಪಾಯ್ತು."

ತಂಗಿ ವಾಚನ್ನು ಕೈಗೆ ತೆಗೆದುಕೊಂಡಳು. "ರಾತ್ರಿ ಮೈಯೆಲ್ಲಾ ಉರಿದುಹೋಯ್ತು. ಕಸದ ಬುಟ್ಟಿಗೆ ಎಸೆದುಬಿಟ್ಟಿದ್ದೆ. ಆಮೇಲೆ ಹೊಳೀತು, ನಮ್ಮಕ್ಕ ಡಬ್ಬಿ ಒಳಗಿನ ವಿಷಯಕ್ಕೆ ಅಷ್ಟೆಲ್ಲಾ ಬುದ್ಧಿ ಖರ್ಚು ಮಾಡೋಳಲ್ಲ ಅಂತ. ಎತ್ಕೊಂಡು ಬಂದು ಸುತ್ತಿಟ್ಟೆ."

ವಾಚನ್ನು ಕಟ್ಟಿಕೊಂಡು ತಿರುಗಿಸಿ ನೋಡಿದಳು. ಅಕ್ಕನ ಮಣಿಕಟ್ಟು ಹಿಡಿದು, ಸೆಕೆಂಡಿನ ಮುಳ್ಳಿನ ಮೇಲೆ ಕಣ್ಣಿಟ್ಟಳು. ಬೆರಳು ತೆಗೆಯದೆ ಗಲ್ಲದಿಂದಲೇ ಬೀರುವನ್ನು ತೋರಿಸಿ ಕೇಳಿದಳು.

"ಹೇಗಿದೆ ನಾನು ಸುತ್ತಿದ್ದು?"

ಹೂವಕ್ಕ ಬಿಳಿ ಟೇಪನ್ನು ನೋಡಿದಳು, ಉಗುಳು ನುಂಗಿದಳು. "ಚೆನ್ನಾಗಿದೆ."

"ಸುಳ್ಳು ಹೇಳ್ಬೇಡ," ಎಂದಳು ತಂಗಿ, "ನಾಡಿ ನನ್ನ ಕೈಯಲ್ಲಿದೆ."