ಇಂಬಳವಿಲ್ಲದ ಊರಿನ ಹೈಸ್ಕೂಲು

ನಶ್ಯದ ವಾಸನೆ ಈಗ ಎಲ್ಲೋ ಅಪರೂಪಕ್ಕೆ ಸಿಗುತ್ತದೆ. ಮೊನ್ನೆ ಸಕಲೇಶಪುರದ ಬಸ್ಸಿನಲ್ಲಿ ಮುಂದಿನ ಸೀಟಿನ ಮುದುಕರೊಬ್ಬರು ಡಬ್ಬಿ ಬಿಚ್ಚಿದಾಗ ಸುತ್ತಲಿನವರೆಲ್ಲ ಮೂಗು ಮುಚ್ಚಿಕೊಂಡರು, ನಾನೊಬ್ಬಳು ಮುಂದಕ್ಕೆ ಬಾಗಿ ಕೂತೆ. ನನ್ನ ಬಾಲ್ಯ ಪೂರ್ತಿ ಇದೇ ವಾಸನೆ. ಹೊಂಗಡಹಳ್ಳದ ಹತ್ತಿರ ಒಂದು ಎಸ್ಟೇಟಿನಲ್ಲಿ ಅಪ್ಪ ರೈಟರ್ ಆಗಿದ್ದ. ಆಳುಗಳ ಹಾಜರಿ ಬರೆಯುವ ಕೆಲಸ. ನಮಗೆ ಕೊಟ್ಟಿದ್ದ ಹೆಂಚಿನ ಮನೆಯ ಜಗಲಿಯಲ್ಲಿ ಅಜ್ಜಿ, ಅಂದರೆ ಅಪ್ಪನ ತಾಯಿ, ಮಳೆಗಾಲ ಪೂರ್ತಿ ನಶ್ಯವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ನನ್ನ ಪಾದದಿಂದ ಮೊಣಕಾಲಿನವರೆಗೆ ತಿಕ್ಕುತ್ತಿದ್ದಳು. ತೋಟದ ದಾರಿಯಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಗಳು ಅದಕ್ಕೆ ಹೆದರುತ್ತವೆಂದು ಅವಳ ನಂಬಿಕೆ. ಹೆದರದ ಇಂಬಳಗಳೂ ಇದ್ದವು. ಅವಕ್ಕಾಗಿ ನಮ್ಮ ಶಾಲೆಯಲ್ಲೇ ಒಂದು ಕ್ರಮವಿತ್ತು: ಗಂಟೆ ಹೊಡೆಯುವ ಮುಂಚೆ ಇಬ್ಬಿಬ್ಬರು ಜೋಡಿಯಾಗಿ ಒಬ್ಬರ ಕಾಲನ್ನು ಇನ್ನೊಬ್ಬರು ನೋಡಬೇಕು. ಮೊಣಕಾಲ ಹಿಂದೆ ಕಚ್ಚಿಕೊಂಡದ್ದು ತನಗೇ ಕಾಣುವುದಿಲ್ಲವಲ್ಲ. "ಇಲ್ಲ ಕಣೇ" ಅಂತ ಜೊತೆಯವಳು ಹೇಳಿದ ಮೇಲೆಯೇ ಒಳಗೆ ಹೋಗುವುದು.

ನಾನು ಎಂಟನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಎಸ್ಟೇಟು ಕೈ ಬದಲಾಯಿತು. ಹೊಸ ಸಾಹುಕಾರರು ತಮ್ಮದೇ ರೈಟರನ್ನು ಕರೆತಂದರು, ನಾವು ಮನೆ ಬಿಟ್ಟುಕೊಟ್ಟೆವು. ಅಪ್ಪನಿಗೆ ಆಲೂರಿನ ಕಾಫಿ ಗೋಡೌನಿನಲ್ಲಿ ಕೆಲಸ, ನಮಗೆ ಮಗ್ಗೆಯಲ್ಲಿ ಬಾಡಿಗೆ ಮನೆ, ನನಗೆ ಅಲ್ಲಿನ ಹೈಸ್ಕೂಲು. ನಾನು ಅತ್ತು ಕರೆದು ರಂಪ ಮಾಡಿದೆ. ಕೊನೆಗೆ ಅಪ್ಪ, "ದಸರಾ ರಜೆ ಗಂಟ ನೋಡು ಮಗಾ. ಒಗ್ಗಲಿಲ್ಲ ಅಂದ್ರೆ ನಿನ್ನೂ ಅಜ್ಜಿನೂ ಹೊಂಗಡಹಳ್ಳದಲ್ಲಿ ಚಿಕ್ಕಪ್ಪನ ಮನೇಲಿ ಬುಡ್ತೀನಿ. ಹಳೇ ಸ್ಕೂಲಿಗೇ ಹೋಗೀವಂತೆ" ಅಂದ. ಅಜ್ಜಿಯ ಮುಖ ನನಗಿಂತ ಮೊದಲು ಅರಳಿತು.

ಮೊದಲ ದಿನ ಹೊಸ ಶಾಲೆಯ ಜಗಲಿಯಲ್ಲಿ ನನ್ನ ಪಕ್ಕ ನಿಂತಿದ್ದವಳು ರಂಜಿತಾ. ಗಂಟೆ ಹೊಡೆಯುವುದರಲ್ಲಿತ್ತು. ನಾನು ಹಿಂದೆಮುಂದೆ ನೋಡದೆ ಕುಕ್ಕರಗಾಲಲ್ಲಿ ಕೂತು ಅವಳ ಬಿಳಿ ಸಾಕ್ಸನ್ನು ಹಿಮ್ಮಡಿಯವರೆಗೆ ಜಗ್ಗಿಬಿಟ್ಟೆ. ಅವಳು ಕಿರುಚಿದ ರಭಸಕ್ಕೆ ಹೆಡ್‌ಮಾಸ್ತರರು ಚಾಕ್‌ಪೀಸು ಹಿಡಿದುಕೊಂಡೇ ಹೊರಗೆ ಓಡಿ ಬಂದರು.

"ಏನಮ್ಮಾ, ಏನ್ ಮಾಡ್ತಿದೀಯಾ?"

"ಇಂಬಳ ನೋಡ್ತಿದೀನಿ ಸಾರ್. ಇಲ್ಲ ಸಾರ್."

ಇಡೀ ಜಗಲಿ ಗೊಳ್ಳೆಂದಿತು. ಅಷ್ಟು ಸಾಲದೆಂಬಂತೆ, ನನ್ನ ಕಾಲಿನ ನಶ್ಯಕ್ಕೆ ಹಿಂದಿನ ಬೆಂಚಿನವರೆಗೂ ಸೀನು ಹತ್ತಿಕೊಂಡು ಮೊದಲ ಪೀರಿಯಡ್ಡು ಸೀನಿನಲ್ಲೇ ಕಳೆಯಿತು. ಮಧ್ಯಾಹ್ನ ಬಿಸಿಯೂಟಕ್ಕೆ ಕೂರುವ ಹೊತ್ತಿಗೆ ನನ್ನ ಹೆಸರು ಇಂಬಳ ಅಂತ ಖಾಯಂ ಆಗಿತ್ತು.

ಸಂಜೆ ಅಜ್ಜಿ ಬಾಗಿಲಲ್ಲೇ ಕಾದಿದ್ದಳು. "ಯಾರಾರ ಬೈದ್ರೇನವ್ವಾ?" ಎಲ್ಲವನ್ನೂ ಹೇಳಿದೆ. ಅವಳಿಗೆ ಹಿಡಿಸಲಾರದಷ್ಟು ಸಂತೋಷ. ಎರಡು ಚಕ್ಕುಲಿ ಕೊಟ್ಟು, ಮರುದಿನ ನಶ್ಯವನ್ನು ಇನ್ನೂ ಧಾರಾಳವಾಗಿ ತಿಕ್ಕಿದಳು. "ಇಲ್ಲಿ ಇಂಬಳ ಇಲ್ಲ ಅಜ್ಜೀ" ಅಂದರೆ, "ಇಲ್ಲ ಅಂತ ಅದು ಬಂದು ನಿಂಗೆ ಹೇಳ್ತಾ? ಸುಮ್ಕಿರು" ಎಂದು ಗದರಿಸಿದಳು.

ಹೀಗೇ ಒಂದು ತಿಂಗಳು. ಆಮೇಲೊಂದು ದಿನ ಗಂಟೆಗೆ ಮುಂಚೆ ರಂಜಿತಾ ನನ್ನ ಮುಂದೆ ನಿಂತು ಕಾಲು ಚಾಚಿದಳು. "ನೋಡೇ, ಐತಾ?" ಗೇಲಿಗೇ ಕೇಳಿದ್ದು. ನಾನು ಮಾತ್ರ ಹಿಂದೆ ಮುಂದೆ ತಿರುಗಿಸಿ ನೋಡಿ, "ಇಲ್ಲ ಕಣೇ" ಅಂದೆ. ಅವಳಿಗೆ ನಗು ತಡೆಯಲಾಗಲಿಲ್ಲ, ನನಗೂ. ಮರುದಿನ ಇನ್ನಿಬ್ಬರು ಕಾಲು ಚಾಚಿದರು. ಆಗಸ್ಟ್ ಮುಗಿಯುವಷ್ಟರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯರೆಲ್ಲ ಕೊಕ್ಕರೆಗಳ ಹಾಗೆ ಒಂಟಿಗಾಲಲ್ಲಿ ನಿಂತು ಇಲ್ಲದ ಇಂಬಳವನ್ನು ಹುಡುಕುತ್ತಿದ್ದರು. ಹೆಡ್‌ಮಾಸ್ತರರು ನೋಡಿಯೂ ನೋಡದವರಂತೆ ಹೋಗುತ್ತಿದ್ದರು. ಶಾಲೆ ಬದಲಿಸಿದವರಿಗೆ ಗೊತ್ತಿರುತ್ತದೆ, ಹೊಸಬರು ಹಳಬರಾಗುವುದು ಹೀಗೆ ಯಾವುದೋ ಹುಚ್ಚಾಟದಿಂದಲೇ.

ಇದನ್ನು ಅಜ್ಜಿಗೆ ಹೇಳುವ ಧೈರ್ಯವಾಗಲಿಲ್ಲ. ಅವಳ ಪ್ರಶ್ನೆ ತಪ್ಪುತ್ತಿರಲಿಲ್ಲವಾದ್ದರಿಂದ ನಾನು ದಿನಾ ದಾರಿಯಲ್ಲೇ ಬೈಗುಳ ಕಟ್ಟಿಕೊಂಡು ಬರತೊಡಗಿದೆ. ಇವತ್ತು ಇಬ್ಬರು ಬೈದರು, ಇವತ್ತು ಯಾರೂ ಮಾತಾಡಿಸಲಿಲ್ಲ. ಬೈದವರ ಸಂಖ್ಯೆ ಏರಿದಂತೆ ಚಕ್ಕುಲಿಯೂ ಏರಿತು. ಪಾಪದವಳಾದ ರಂಜಿತಾಳನ್ನು ಅಜ್ಜಿಯ ಬಾಯಲ್ಲಿ ರಾಕ್ಷಸಿ ಮಾಡಿದ್ದು ನಾನೇ.

ದಸರಾ ರಜೆಯ ಹಿಂದಿನ ಸಂಜೆ ಅಪ್ಪ ನನ್ನನ್ನು ಕೂರಿಸಿಕೊಂಡು ಕೇಳಿದ. "ಏನ್ ಮಗಾ, ಹೊರಡ್ತೀಯಾ? ಚಿಕ್ಕಪ್ಪಂಗೆ ಹೇಳೈತೆ." ಅಜ್ಜಿ ಒಳ್ಳೆಯ ಸೀರೆ ಉಟ್ಟು, ತುಂಬಿದ ಚೀಲವನ್ನು ಮಗ್ಗುಲಲ್ಲಿಟ್ಟುಕೊಂಡು ಗೋಡೆಗೊರಗಿ ಕೂತಿದ್ದಳು. ಅವಳ ಕಡೆ ನೋಡದೆ, "ಇಲ್ಲೇ ಇರ್ತೀನಪ್ಪಾ" ಅಂದೆ.

"ಎಲ್ರೂ ಬೈತಾರೆ ಅಂದಿದ್ದೆಲ್ಲವ್ವಾ?" ಅಜ್ಜಿ ಕೇಳಿದಳು.

"ಸುಳ್ಳು ಹೇಳ್ಬುಟ್ಟೆ ಅಜ್ಜೀ."

"ಗೊತ್ತಿತ್ತು ಬುಡು. ಬೈಸ್ಕಂಡು ಬಂದ ಮಕ ಇಂಗಿರಾಕಿಲ್ಲ."

ಹಾಗೆಂದು ಎದ್ದು ಚೀಲ ಬಿಚ್ಚಿದಳು. ಒಂದೊಂದೇ ಸೀರೆ ತೆಗೆದು ಟ್ರಂಕಿನಲ್ಲಿಟ್ಟಳು, ಕಂಬಳಿಯನ್ನು ಕೊಡವಿ ಹಾಸಿದಳು. ಹೊಂಗಡಹಳ್ಳದಿಂದ ಬರುವಾಗ ಕಟ್ಟಿದ್ದ ಚೀಲ ಅದು. ಬೇಕಾದಾಗ ಒಂದು ಸೀರೆ ಎಳೆದುಕೊಳ್ಳುತ್ತಿದ್ದಳೇ ಹೊರತು ಅಷ್ಟೂ ತಿಂಗಳು ಅದನ್ನು ಖಾಲಿ ಮಾಡಿರಲೇ ಇಲ್ಲ. ನಾನು ಅತ್ತುಬಿಟ್ಟೆ. "ರಜೇಲಿ ಆ ಹುಡ್ಗೀನ ಮನೆಗೆ ಕರ್ಕಬಾ" ಎಂದಳು, ಅಷ್ಟೇ.

ಅಲ್ಲಿಂದ ಎರಡು ವರ್ಷಕ್ಕೆ ಅಜ್ಜಿ ತೀರಿಕೊಂಡಳು. ಹೊಸ ಶಾಲೆಗೆ ಒಗ್ಗಲು ನನಗೆ ಒಂದು ಮಳೆಗಾಲ ಸಾಕಾಯಿತು. ಅವಳಿಗೆ ಆ ಊರು ಕೊನೆಗೂ ಒಗ್ಗಲಿಲ್ಲ, ಅದನ್ನು ಒಂದು ದಿನವೂ ನನ್ನ ಮುಂದೆ ಆಡಿದವಳಲ್ಲ.